ತಕ್ಕಡಿಯ ಎರಡು ತಟ್ಟೆ

ಒಂದೂವರೆ ತಿಂಗಳ ಕೂಸಿರುವ ಒಂದು ಮನೆಯನ್ನು ನೆನೆದುಕೊಳ್ಳಿ. ನಾಳೆ ಬೆಳಗ್ಗೆ ಮಗುವಿಗೆ ಚುಚ್ಚುಮದ್ದು ಹಾಕಿಸುವ ದಿನ. ತಾಯಿ ಚೀಟಿಯನ್ನು ಹುಡುಕಿ ತೆಗೆದಿಟ್ಟುಕೊಂಡಿದ್ದಾಳೆ. ಅಷ್ಟರಲ್ಲಿ ಪಕ್ಕದ ಬೀದಿಯಿಂದ ಒಂದು ಸುದ್ದಿ ಬರುತ್ತದೆ: ಯಾರದೋ ಮಗುವಿಗೆ ಚುಚ್ಚುಮದ್ದು ಹಾಕಿಸಿದ ರಾತ್ರಿಯೇ ಜ್ವರ ಏರಿ ಆಸ್ಪತ್ರೆಗೆ ಒಯ್ಯಬೇಕಾಯಿತಂತೆ. "ಆಡಿಕೊಂಡಿರೋ ಮಗೂಗೆ ಯಾಕಮ್ಮಾ ಸೂಜಿ ಚುಚ್ಚಿಸ್ತೀ? ನಾವೆಲ್ಲಾ ಇದಿಲ್ಲದೇ ಬೆಳೀಲಿಲ್ವೆ?" ಎನ್ನುತ್ತಾರೆ ಅತ್ತೆ. "ಡಾಕ್ಟರು ಹೇಳಿದ ಮೇಲೆ ಮುಗಿಯಿತು, ಹಾಕಿಸಲೇಬೇಕು" ಎನ್ನುತ್ತಾನೆ ಗಂಡ, ಪತ್ರಿಕೆಯಿಂದ ತಲೆ ಎತ್ತದೆ. ತಾಯಿ ಮಾತ್ರ ಸುಮ್ಮನಿದ್ದಾಳೆ. ನಾಳೆ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂರಬೇಕಾದವಳು ಅವಳು.

ಈ ಮೂವರಲ್ಲಿ ಯಾರೂ ದಡ್ಡರಲ್ಲ. ಅತ್ತೆಯ ಮಾತಿನಲ್ಲಿ ಮಮತೆಯಿದೆ. ಗಂಡನ ಮಾತಿನಲ್ಲಿ ವಿಶ್ವಾಸವಿದೆ. ಆದರೆ ತಾಯಿಯ ಮನಸ್ಸಿನ ಪ್ರಶ್ನೆಗೆ ಇಬ್ಬರೂ ಉತ್ತರ ಕೊಟ್ಟಿಲ್ಲ. ಅವಳ ಪ್ರಶ್ನೆ ಇಷ್ಟೆ: "ಅಪಾಯವಿದೆಯೋ ಇಲ್ಲವೋ? ಇದ್ದರೆ ಎಷ್ಟು?"

ಇಂಥ ಸಂದರ್ಭದಲ್ಲಿ ನಾವು ಒಂದು ಗಾದೆಯನ್ನು ನೆನೆಯುವುದುಂಟು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಎಳೆಯ ಮಕ್ಕಳಿಗೆ ಜ್ವರ, ಭೇದಿ, ಕೆಮ್ಮು ಬರುತ್ತಲೇ ಇರುತ್ತವೆ. ದಿನಂಪ್ರತಿ ಸಾವಿರಾರು ಮಕ್ಕಳಿಗೆ ಚುಚ್ಚುಮದ್ದು ಹಾಕುವಾಗ, ಹೇಗೂ ಬರಬೇಕಾಗಿದ್ದ ಕಾಯಿಲೆ ಕೆಲವರಿಗೆ ಅದೇ ದಿನ ಬರುವುದರಲ್ಲಿ ಆಶ್ಚರ್ಯವಿಲ್ಲ. ಈ ಮಾತು ನಿಜ. ಆದರೆ ಎಲ್ಲ ಸಲವೂ ಗಾದೆ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೆಲವು ಸಲ ಕೊಂಬೆ ಕಾಗೆಯ ಭಾರದಿಂದಲೇ ಮುರಿದಿರುತ್ತದೆ. ಅಂಥ ಒಂದು ಪ್ರಸಂಗ ನಮ್ಮ ದೇಶದಲ್ಲೇ ನಡೆಯಿತು. ಅದನ್ನು ಮುಚ್ಚಿಡದೆ ಹೇಳಿ, ಅದರಿಂದ ಆ ತಾಯಿಗೆ ಏನು ಉತ್ತರ ಸಿಗುತ್ತದೆ ಎಂಬುದನ್ನು ನೋಡೋಣ.

ಅದು ಪ್ಲೇಗಿನ ಕಾಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ರೈಲು ದಾರಿಯನ್ನೇ ಹಿಡಿದು ಊರಿಂದೂರಿಗೆ ನಡೆಯಿತು. 1898ರಲ್ಲಿ ಹುಬ್ಬಳ್ಳಿಯನ್ನು ನಡುಗಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂದಿತು. "ಇಲಿ ಬಿತ್ತು" ಎಂಬ ಎರಡೇ ಮಾತು ಕಿವಿಗೆ ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಹೊತ್ತು, ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ ಹೊಸ ಬಡಾವಣೆಗಳಾಗಿ ಬೆಳೆದುದರ ಹಿಂದೆ ಈ ಭಯವೂ ಇತ್ತು. ಎಷ್ಟೋ ಊರುಗಳ ಎಲ್ಲೆಯಲ್ಲಿ ಇಂದಿಗೂ ಪ್ಲೇಗಿನಮ್ಮನ ಗುಡಿಗಳಿವೆ. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಎದ್ದಿತೆಂದರೆ ಅರ್ಧಕ್ಕೆ ಅರ್ಧ ಜನ, ಅದಕ್ಕಿಂತ ಹೆಚ್ಚೇ ಎನ್ನಬೇಕು, ಉಳಿಯುತ್ತಿರಲಿಲ್ಲ. ಆಗ ಅದಕ್ಕೆ ಔಷಧವೆಂಬುದೇ ಇರಲಿಲ್ಲ.

ಆ ಹೊತ್ತಿನಲ್ಲಿ ಮುಂಬಯಿಗೆ ಬಂದವರು ವಾಲ್ಡೆಮಾರ್ ಹಾಫ್‌ಕಿನ್. ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ 1860ರಲ್ಲಿ ಹುಟ್ಟಿದವರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1893ರಲ್ಲಿ ಭಾರತಕ್ಕೆ ಬಂದು, ಅದನ್ನು ಊರೂರು ತಿರುಗಿ ಹಾಕಿದವರು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಸಣ್ಣದೊಂದು ಜಾಗ ಸಿಕ್ಕಿತು. ಕೈಕೆಳಗೆ ಒಬ್ಬ ಗುಮಾಸ್ತೆ, ಮೂವರು ಜವಾನರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ರೋಗಾಣುಗಳು ಆ ಹನಿಗಳಿಂದ ಕೆಳಕ್ಕೆ ಬಿಳಲುಗಳಂತೆ ಇಳಿದು ಬೆಳೆಯುವುದನ್ನು ಅವರು ಕಂಡರು. ಹಾಗೆ ಬೆಳೆದುವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು.

1897ರ ಜನವರಿ 10ರಂದು ಆ ಲಸಿಕೆಯನ್ನು ಮೊದಲು ಚುಚ್ಚಿಸಿಕೊಂಡವರು ಸ್ವತಃ ಹಾಫ್‌ಕಿನ್ನರೇ, ಅದೂ ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಾಗಿ. ಜೋರಾಗಿ ಜ್ವರ ಬಂದಿತು, ನೋವಾಯಿತು, ಇಳಿಯಿತು. ಆ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗು ಎದ್ದಿತು. ಮುಂದೆ ಬಂದ ಕೈದಿಗಳಲ್ಲಿ ಸುಮಾರು 150 ಮಂದಿಗೆ ಲಸಿಕೆ ಹಾಕಿದರು. ಸುಮಾರು 170 ಮಂದಿ ಹಾಕಿಸಿಕೊಳ್ಳದೆ ಉಳಿದರು. ಒಂದೇ ಗೋಡೆಯೊಳಗಿನ ವಾಸ, ಒಂದೇ ಊಟ. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ತಗಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ತಗಲಿತು, ಯಾರೂ ಸಾಯಲಿಲ್ಲ.

ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. ಲಸಿಕೆ ಹಾಕಿಸಿಕೊಂಡವರಿಗೆ ಪ್ಲೇಗು ಬರಲೇ ಇಲ್ಲ ಎಂದು ಹಾಫ್‌ಕಿನ್ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಬರುವವರ ಸಂಖ್ಯೆ ಕಡಿಮೆಯಾಯಿತು, ಸಾಯುವವರ ಸಂಖ್ಯೆ ಇನ್ನೂ ಕಡಿಮೆಯಾಯಿತು, ಅಷ್ಟೆ. ಆ ಅಷ್ಟಕ್ಕಾಗಿಯೇ ಲಕ್ಷಾಂತರ ಜನ ತೋಳು ಚಾಚಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯೊಂದರಲ್ಲೇ 30 ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆಯನ್ನು ಹಾಕಿಸಿಕೊಂಡರು. ಎರಡು ದಿನ ಜ್ವರ, ತೋಳಿನ ಬಾವು, ಕೆಲಸಕ್ಕೆ ಹೋಗಲಾಗದೆ ಕೂಲಿ ತಪ್ಪುವುದು, ಇವೆಲ್ಲ ಇದ್ದೇ ಇದ್ದುವು. ಬೇರೆ ಕಡೆ ಇದರ ಮೇಲೆ ಇಲ್ಲದ ಪುಕಾರುಗಳೂ ಹುಟ್ಟಿದುವು. ಆದರೂ ಹುಬ್ಬಳ್ಳಿಯವರ ಕಣ್ಣೆದುರು ಪ್ಲೇಗೇ ಇತ್ತು. ಅವರಿಗೆ ತೂಗಿ ನೋಡಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಆ ದುರಂತ.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿ. ಆ ದಿನ ಅಲ್ಲಿ 107 ಮಂದಿಗೆ ಪ್ಲೇಗಿನ ಲಸಿಕೆ ಹಾಕಿದರು. ಅದಕ್ಕಾಗಿ ಐದು ಬಾಟಲಿಗಳನ್ನು ತೆರೆದರು. ಒಂದು ವಾರ ಕಳೆಯುವಷ್ಟರಲ್ಲಿ ಕೆಲವರ ದವಡೆ ಬಿಗಿಯತೊಡಗಿತು, ಬೆನ್ನು ಬಿಲ್ಲಿನಂತೆ ಬಾಗಿತು. ಅದು ಪ್ಲೇಗಲ್ಲ, ಧನುರ್ವಾಯು. ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿಯೂ ಸತ್ತುಹೋದರು. ಉಳಿದ ನಾಲ್ಕು ಬಾಟಲಿಗಳಿಂದ ಪಡೆದ 88 ಮಂದಿಗೆ ಏನೂ ಆಗಲಿಲ್ಲ.

ಇಲ್ಲಿ ಕಾಗೆ, ಕೊಂಬೆಯ ಗಾದೆ ಹೇಳುವಂತಿಲ್ಲ. ಆ 19 ಮಂದಿಯನ್ನು ಕೊಂದುದು ಆ ಬಾಟಲಿಯೇ. ಪ್ರಶ್ನೆ ಏನೆಂದರೆ, ಧನುರ್ವಾಯುವಿನ ರೋಗಾಣು ಆ ಬಾಟಲಿಯೊಳಗೆ ಹೊಕ್ಕಿದ್ದು ಎಲ್ಲಿ? ಮುಂಬಯಿಯ ಪ್ರಯೋಗಶಾಲೆಯಲ್ಲೋ, ಮಲ್ಕೋವಾಲಿನ ಬೀದಿಯಲ್ಲೋ?

ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಹೆಚ್ಚು ಲಸಿಕೆಯನ್ನು ಬೇಗ ತಯಾರಿಸಬೇಕಾಗಿ ಬಂದಾಗ ಹಾಫ್‌ಕಿನ್ನರ ಪ್ರಯೋಗಶಾಲೆಯಲ್ಲಿ ತಯಾರಿಕೆಯ ಕ್ರಮವನ್ನು ಬದಲಿಸಿದ್ದರು. ಮೊದಲು ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಹೊಸ ಕ್ರಮದಲ್ಲಿ ಬಿಟ್ಟಿದ್ದರು. ಸಮಿತಿಯ ಕಣ್ಣು ಇದರ ಮೇಲೆ ಬಿದ್ದಿತು. ತಪ್ಪು ಪ್ರಯೋಗಶಾಲೆಯದೇ, ಬಾಟಲಿ ತೆರೆಯುವ ಮೊದಲೇ ಕೆಟ್ಟಿತ್ತು ಎಂದು ಅದು ಅಭಿಪ್ರಾಯಪಟ್ಟಿತು. ಹಾಫ್‌ಕಿನ್ ಹುದ್ದೆಯಿಂದ ದೂರವಾದರು. ಇಂಗ್ಲೆಂಡಿಗೆ ಹೋಗಿ ತಮ್ಮ ಪರವಾಗಿ ತಾವೇ ವಾದಿಸಬೇಕಾಯಿತು.

ಆದರೆ ಸಾಕ್ಷ್ಯದಲ್ಲಿ ಬೇರೆ ಎರಡು ಸಂಗತಿಗಳಿದ್ದುವು. ಒಂದು: ಆ ಬಾಟಲಿಯ ಬಿರಡೆ ತೆಗೆಯಲು ಬಳಸಿದ ಇಕ್ಕುಳ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಔಷಧದ ನೀರಿನಲ್ಲಿ ಒಮ್ಮೆ ಅಲುಗಿಸಿ ಹಾಗೆಯೇ ಬಳಸಿದ್ದರು. ಧನುರ್ವಾಯುವಿನ ರೋಗಾಣುವಿನ ತವರೇ ಮಣ್ಣು ಮತ್ತು ಸಗಣಿ. ಅದರ ಬೀಜಕಣಗಳು ಅಷ್ಟು ಸುಲಭವಾಗಿ ಸಾಯುವಂಥವಲ್ಲ. ಇನ್ನೊಂದು: ಬಾಟಲಿ ತೆರೆದ ವೈದ್ಯರು ಅದನ್ನು ಮೂಸಿ ನೋಡಿದ್ದರು, ಕೆಟ್ಟ ವಾಸನೆ ಇರಲಿಲ್ಲ. ಆ ರೋಗಾಣು ವಾರಗಟ್ಟಲೆ ಬಾಟಲಿಯೊಳಗೆ ಬೆಳೆದಿದ್ದರೆ ದುರ್ವಾಸನೆ ಬಾರದೆ ಇರುತ್ತಿರಲಿಲ್ಲ. ಅಂದರೆ ಅದು ಒಳಹೊಕ್ಕಿದ್ದು ಆ ದಿನವೇ, ಆ ಸ್ಥಳದಲ್ಲೇ ಎಂದು ತಿಳಿಯಲು ಬಲವಾದ ಕಾರಣವಿತ್ತು.

ಈ ಸಂಗತಿಗಳು ಹೊರಬಿದ್ದು ಚರ್ಚೆಯಾಗುವುದಕ್ಕೆ ವರ್ಷಗಳೇ ಹಿಡಿದುವು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಸೇರಿ 1907ರ ಜುಲೈಯಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಕಾಗದ ಬರೆದರು. ಅದೇ ವರ್ಷ ಹಾಫ್‌ಕಿನ್ನರ ಮೇಲಿನ ದೋಷ ತೊಲಗಿತು. ಅವರು ಕಲಕತ್ತೆಗೆ ಹಿಂದಿರುಗಿದರೂ ಹಿಂದಿನ ಕೆಲಸದ ಹುರುಪು ಮತ್ತೆ ಸಿಗಲಿಲ್ಲ. 1925ರಲ್ಲಿ ಮುಂಬಯಿಯ ಆ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ವಿಜ್ಞಾನಿಯ ಮಾನ ಉಳಿಯಿತು, ಸರಿ. ಪಂಜಾಬಿನ ಗತಿ? ಮಲ್ಕೋವಾಲಿನ ಸುದ್ದಿ ಹರಡಿದ ಮೇಲೆ ಅಲ್ಲಿ ಲಸಿಕೆಯ ಕೆಲಸ ಕುಸಿಯಿತು. ಪ್ಲೇಗು ಮಾತ್ರ ಕುಸಿಯಲಿಲ್ಲ. 1907ರ ಒಂದೇ ವರ್ಷದಲ್ಲಿ ಪಂಜಾಬಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿನಿಂದ ಸತ್ತರು. ಲಸಿಕೆ ಹಾಕಿಸಿಕೊಂಡಿದ್ದರೆ ಅವರೆಲ್ಲರೂ ಬದುಕುತ್ತಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಅವರಲ್ಲಿ ಅನೇಕರು ಬದುಕುತ್ತಿದ್ದರು ಎಂಬುದರಲ್ಲಿ ಸಂದೇಹವಿಲ್ಲ.

ಈಗ ತಕ್ಕಡಿಯನ್ನು ಕೈಗೆ ತೆಗೆದುಕೊಳ್ಳೋಣ. ಮಲ್ಕೋವಾಲಿನವನೊಬ್ಬ ಲೆಕ್ಕ ಹಾಕಿದರೆ, 107ರಲ್ಲಿ 19 ಸಾವು. ಅಷ್ಟು ಅಪಾಯವಿರುವ ಸೂಜಿಯನ್ನು ಯಾವ ತಂದೆ ತನ್ನ ಮಗುವಿಗೆ ಚುಚ್ಚಿಸಿಯಾನು? ಆದರೆ ದೇಶದಲ್ಲಿ ಲಸಿಕೆ ಪಡೆದ ಲಕ್ಷಾಂತರ ಜನರನ್ನೂ ಲೆಕ್ಕಕ್ಕೆ ಸೇರಿಸಿದರೆ ಅದೇ 19 ಬಹು ಸಣ್ಣ ಅಂಶವಾಗುತ್ತದೆ. ಸತ್ತವರ ಸಂಖ್ಯೆ ಬದಲಾಗಲಿಲ್ಲ, "ಎಷ್ಟರಲ್ಲಿ?" ಎಂಬುದು ಬದಲಾಯಿತು. ಭಯ ಯಾವಾಗಲೂ ತನ್ನ ಬೀದಿಯನ್ನಷ್ಟೇ ಎಣಿಸುತ್ತದೆ. ಯಾರಾದರೂ "ಹೀಗಾಯಿತಂತೆ" ಎಂದಾಗ "ಎಷ್ಟರಲ್ಲಿ ಒಂದು?" ಎಂದು ಕೇಳುವುದನ್ನು ನಾವು ಅಭ್ಯಾಸ ಮಾಡಿಕೊಳ್ಳಬೇಕು.

ಎರಡನೆಯ ಮಾತು ಮನಸ್ಸಿಗೆ ಸಂಬಂಧಿಸಿದ್ದು. ನಾವು ಮಾಡಿದ್ದರಿಂದ ಆದ ಕೇಡು ನಮ್ಮನ್ನು ಕೊರೆಯುವಷ್ಟು, ಮಾಡದೆ ಬಿಟ್ಟದ್ದರಿಂದ ಆದ ಕೇಡು ಕೊರೆಯುವುದಿಲ್ಲ. ಚುಚ್ಚಿಸಿದ ಮೇಲೆ ಮಗು ನರಳಿದರೆ "ನನ್ನ ಕೈಯಾರೆ ಮಾಡಿದೆ" ಎಂದು ತಾಯಿ ಅಳುತ್ತಾಳೆ. ಚುಚ್ಚಿಸದೆ ಗಂಟಲಮಾರಿ ಬಂದು ಮಗು ಹೋದರೆ "ದೈವೇಚ್ಛೆ" ಎಂದುಬಿಡುತ್ತೇವೆ. ದೈವದ ಹೆಸರಿನಲ್ಲಿ ಬರೆದುಬಿಟ್ಟ ಈ ಲೆಕ್ಕವೂ ನಮ್ಮದೇ. ಹಾಕಿಸದಿರುವುದೂ ಒಂದು ನಿರ್ಧಾರ; ಅದಕ್ಕೂ ಒಂದು ತಟ್ಟೆಯಿದೆ, ಆ ತಟ್ಟೆಯಲ್ಲೂ ಭಾರವಿದೆ.

ಮೂರನೆಯದಾಗಿ, ತೂಕ ಶಾಶ್ವತವಲ್ಲ. ಪ್ಲೇಗಿನ ಲಸಿಕೆಯನ್ನು ಇಂದು ಜನರಿಗೆಲ್ಲ ಹಾಕುತ್ತಾರೆಯೆ? ಇಲ್ಲ. ರೋಗ ಅಪರೂಪವಾಯಿತು, ಬಂದರೂ ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳಿವೆ. ಸಿಡುಬಿನ ಕಥೆಯೂ ಹೀಗೆಯೇ. ನಮ್ಮ ಹಿರಿಯರ ತೋಳಿನಲ್ಲಿ ದೇವಿ ಹಾಕಿಸಿದ ಗುರುತು ಇಂದಿಗೂ ಇದೆ. ಆ ಲಸಿಕೆಯಿಂದ, ಮೊದಲ ಸಲ ಹಾಕಿಸಿಕೊಂಡವರಲ್ಲಿ ಹತ್ತು ಲಕ್ಷಕ್ಕೆ ಸುಮಾರು ಒಬ್ಬರು ಸಾಯುತ್ತಿದ್ದರು. ಸಿಡುಬಾದರೋ ತಗಲಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿಯನ್ನು ಒಯ್ಯುತ್ತಿತ್ತು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಿದ ಮೇಲೆ ಆ ತಟ್ಟೆ ಬರಿದಾಯಿತು. ಆದುದರಿಂದ ಲಸಿಕೆಯನ್ನೂ ನಿಲ್ಲಿಸಿದರು.

ಪೋಲಿಯೋ ಇನ್ನೂ ಹತ್ತಿರದ ಉದಾಹರಣೆ. ಬಾಯಿಗೆ ಹಾಕುವ ಎರಡು ಹನಿಯಲ್ಲಿರುವುದು ದುರ್ಬಲಗೊಳಿಸಿದ, ಆದರೆ ಜೀವವಿರುವ ವೈರಸ್ಸು. ಸುಮಾರು 27 ಲಕ್ಷ ಡೋಸುಗಳಿಗೆ ಒಂದರಂತೆ ಆ ಹನಿಯಿಂದಲೇ ಪಾರ್ಶ್ವವಾಯು ಬರುವುದುಂಟು. ಊರಿನಲ್ಲಿ ಪೋಲಿಯೋ ಹರಿದಾಡುತ್ತಿದ್ದಾಗ, ಸೋಂಕು ತಗಲಿದ ಸುಮಾರು ಇನ್ನೂರು ಮಂದಿಯಲ್ಲಿ ಒಬ್ಬರು ಶಾಶ್ವತವಾಗಿ ಕಾಲು ಕಳೆದುಕೊಳ್ಳುತ್ತಿದ್ದಾಗ, ಆ ಹನಿಯನ್ನು ಹಾಕಿಸದಿರುವುದೇ ದೊಡ್ಡ ಅಪಾಯವಾಗಿತ್ತು. ನಮ್ಮ ದೇಶದಲ್ಲಿ ಸಹಜ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವ್ಡಾ ಜಿಲ್ಲೆಯಲ್ಲಿ ಕಂಡಿತು. ಆಮೇಲೆ ತಕ್ಕಡಿ ಸ್ವಲ್ಪ ವಾಲಿತು. 2015ರಿಂದ ಜೀವವಿಲ್ಲದ ವೈರಸ್ಸಿನ ಚುಚ್ಚುಮದ್ದನ್ನೂ ಸೇರಿಸಿದರು. 2016ರಲ್ಲಿ ಹನಿಯೊಳಗಿನ ಮೂರು ಬಗೆಗಳಲ್ಲಿ ಒಂದನ್ನು ತೆಗೆದುಹಾಕಿದರು. ಇದನ್ನು ಕಂಡು "ನೋಡಿ, ಮೊದಲು ಹೇಳಿದ್ದು ತಪ್ಪು" ಎನ್ನಬಾರದು. ಮೊದಲಿನ ತೂಕವೂ ಸರಿ, ಈಗಿನ ತೂಕವೂ ಸರಿ. ನಡುವೆ ರೋಗ ಕಡಿಮೆಯಾಯಿತು.

ಎಣಿಕೆ ಸರಿಯಾಗಿ ನಡೆದಾಗ ಲಸಿಕೆಯನ್ನು ಹಿಂತೆಗೆದುಕೊಂಡದ್ದೂ ಉಂಟು. ಅಮೆರಿಕದಲ್ಲಿ 1998ರಲ್ಲಿ ಮಕ್ಕಳ ಭೇದಿಯನ್ನು ತಡೆಯಲು ರೋಟಾವೈರಸ್ ಲಸಿಕೆಯೊಂದು ಬಂದಿತು. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಕರುಳು ಕರುಳಿನೊಳಗೆ ಸೇರಿಕೊಳ್ಳುವ ತೊಂದರೆ ಕಂಡು, 1999ರಲ್ಲೇ ಅದನ್ನು ಹಿಂತೆಗೆದುಕೊಂಡರು. ಆಗ ಕೆಲವರು ಕೇಳಿದರು: ಈ ಭೇದಿಯಿಂದ ಅಮೆರಿಕದಲ್ಲಿ ಸಾಯುವ ಮಕ್ಕಳು ಬೆರಳೆಣಿಕೆಯಷ್ಟು, ಬಡ ದೇಶಗಳಲ್ಲಿ ಲಕ್ಷಗಟ್ಟಲೆ, ಅವರಿಗೂ ಇವರಿಗೂ ಒಂದೇ ತಕ್ಕಡಿಯೆ? ಇದು ನ್ಯಾಯವಾದ ಪ್ರಶ್ನೆ. ಆಮೇಲೆ ಬಂದ ಬೇರೆ ರೋಟಾವೈರಸ್ ಲಸಿಕೆಗಳನ್ನು ಹತ್ತಾರು ಸಾವಿರ ಮಕ್ಕಳಲ್ಲಿ ಪರೀಕ್ಷಿಸಿದ ಬಳಿಕವೇ ಬಳಕೆಗೆ ತಂದರು.

ಇಷ್ಟೆಲ್ಲ ಆದ ಮೇಲೆ ಆ ತಾಯಿಯ ಹತ್ತಿರ ಹೋಗೋಣ. ನಾಳೆ ಅವಳ ಮಗುವಿಗೆ ಹಾಕುವುದು ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ. ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ, ಹಿಬ್ ಎಂಬ ರೋಗಾಣುವಿನಿಂದ ಬರುವ ಮಿದುಳು ಪೊರೆಯ ಉರಿಯೂತ ಮತ್ತು ನ್ಯುಮೋನಿಯಾ, ಐದನೆಯದು ಧನುರ್ವಾಯು. ಮಲ್ಕೋವಾಲಿನ 19 ಮಂದಿಯನ್ನು ಕೊಂದ ಅದೇ ಧನುರ್ವಾಯುವನ್ನು ಇಂದು ತಡೆಯುವುದು ಒಂದು ಲಸಿಕೆಯೇ. ಚುಚ್ಚಿದ ಕಡೆ ಕೆಂಪಾಗಿ ಊದಬಹುದು. ಒಂದೆರಡು ದಿನ ಜ್ವರ ಬರಬಹುದು, ಮಗು ರಚ್ಚೆ ಹಿಡಿಯಬಹುದು. ಇದು ಅನೇಕ ಮಕ್ಕಳಿಗೆ ಆಗುತ್ತದೆ. ಮೈಗೆ ಒಗ್ಗದೆ ಉಸಿರು ಕಟ್ಟುವಂಥ ತೀವ್ರ ತೊಂದರೆ ಸುಮಾರು ಹತ್ತು ಲಕ್ಷ ಡೋಸಿಗೆ ಒಂದರಂತೆ ಕಾಣುತ್ತದೆ; ಅದು ಬಹುಮಟ್ಟಿಗೆ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಕಾಣುವುದರಿಂದ ಅರ್ಧ ಗಂಟೆ ಅಲ್ಲೇ ಕೂರಿ ಎನ್ನುತ್ತಾರೆ. ಆ ಅರ್ಧ ಗಂಟೆಯನ್ನು ಅವಸರದಲ್ಲಿ ಕಳೆಯಬೇಡಿ.

ಅತ್ತೆಯವರ ಮಾತಿಗೂ ಉತ್ತರ ಕೊಡಬೇಕಲ್ಲ. "ನಾವೆಲ್ಲಾ ಬೆಳೀಲಿಲ್ವೆ?" ಹೌದು, ಬೆಳೆದವರು ಬೆಳೆದರು, ಬೆಳೆಯದೆ ಹೋದವರು ಇಂದು ಬಂದು ಮಾತನಾಡುವುದಿಲ್ಲ. ಹಳೆಯ ಮನೆಗಳಲ್ಲಿ ಎಷ್ಟು ಹೆರಿಗೆ, ಎಷ್ಟು ಮಕ್ಕಳು ಉಳಿದುವು ಎಂದು ಅವರನ್ನೇ ಮೆಲ್ಲಗೆ ಕೇಳಿ. ಲೆಕ್ಕ ಅವರ ಬಾಯಿಂದಲೇ ಬರುತ್ತದೆ.

ನಂಬಿಕೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಲಸಿಕೆಯ ಬಾಟಲಿಯ ಮೇಲೊಂದು ಚಿಕ್ಕ ವೃತ್ತ, ಅದರೊಳಗೊಂದು ಚೌಕ ಇರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಯಿಂದ ಕೆಟ್ಟಿಲ್ಲವೆಂದು ಅರ್ಥ. ಸೂಜಿ ಹೊಸದೆ ಎಂದು ನೋಡಿ. ದಡಾರದ ಲಸಿಕೆಯನ್ನು ದ್ರವದಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಯಾವಾಗ ಕಲಸಿದಿರಿ ಎಂದು ಕೇಳಿದರೆ ನರ್ಸಮ್ಮನವರು ಬೇಸರಪಟ್ಟುಕೊಳ್ಳಬಾರದು. ತೆರೆದ ಬಾಟಲಿ ಎಷ್ಟು ಅಪಾಯಕಾರಿಯಾಗಬಹುದೆಂದು ಮಲ್ಕೋವಾಲ್ ತೋರಿಸಿಕೊಟ್ಟಿದೆ. ಲಸಿಕೆಯ ನಂತರ ಏನಾದರೂ ವಿಪರೀತವಾದರೆ ಬೀದಿಯಲ್ಲಿ ಪಿಸುಗುಟ್ಟಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ಬರೆಯಿಸಿ. ಅಂಥ ಪ್ರಕರಣಗಳನ್ನು ವಿಚಾರಿಸಲು ಜಿಲ್ಲೆಗೊಂದು ಸಮಿತಿಯಿದೆ. ನೀವು ಬರೆಯಿಸಿದರೆ ಅದು ಎಣಿಕೆಗೆ ಸೇರುತ್ತದೆ. ಪಿಸುಗುಟ್ಟಿದರೆ ಬರಿಯ ಭಯಕ್ಕೆ ಸೇರುತ್ತದೆ.

ಅಧಿಕಾರದಲ್ಲಿರುವವರಿಗೂ ವೈದ್ಯರಿಗೂ ಒಂದು ಮಾತು. "ಅಪಾಯವೇ ಇಲ್ಲ" ಎಂದು ಹೇಳಬೇಡಿ. ಇಲ್ಲವೆಂದ ಅಪಾಯ ಒಂದು ಸಲ ಕಂಡರೆ, ಆಮೇಲೆ ನೀವು ಹೇಳುವ ನಿಜವನ್ನೂ ಜನ ನಂಬುವುದಿಲ್ಲ. ಇಷ್ಟರಲ್ಲಿ ಇಷ್ಟು, ಆದರೆ ಹೀಗೆ ಮಾಡಿ ಎಂದು ಹೇಳಿ. ಸಾವಿರದ ಲೆಕ್ಕದಲ್ಲಿ ಒಂದು ಸಣ್ಣ ಸಂಖ್ಯೆಯಾಗಿದ್ದರೂ ಆ ಒಂದು ಯಾವುದೋ ಮನೆಯ ತೊಟ್ಟಿಲು. ಆ ಮನೆಗೆ ಅಂಕಿ ಸಂಖ್ಯೆ ಸಮಾಧಾನವಲ್ಲ. ಅಲ್ಲಿಗೆ ಹೋಗಿ ಕಾರಣವನ್ನು ಹುಡುಕಿ ಹೇಳುವುದು, ಕೈಲಾದ ನೆರವು ಕೊಡುವುದು, ಉಳಿದ ನಮ್ಮೆಲ್ಲರ ಋಣ. ಯಾಕೆಂದರೆ ಆ ಸಣ್ಣ ಅಪಾಯವನ್ನು ಎಲ್ಲರೂ ಹಂಚಿಕೊಂಡದ್ದರಿಂದಲೇ ಊರಿಗೆ ಊರೇ ಉಳಿದಿದೆ.

ತಾಯಿ ಇನ್ನೂ ಎಚ್ಚರವಾಗಿದ್ದಾಳೆ. ಅವಳ ಅಂಜಿಕೆಯನ್ನು ನಾನು ಹಳಿಯುವುದಿಲ್ಲ. ಎರಡೂ ತಟ್ಟೆಗಳನ್ನು ನೋಡು ತಾಯಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಒಂದರಲ್ಲಿ ಒಂದು ರಾತ್ರಿಯ ಜ್ವರ, ಬಹು ಅಪರೂಪದ ಒಂದು ಕೇಡು. ಇನ್ನೊಂದರಲ್ಲಿ ಐದು ರೋಗಗಳು. ಆ ಎರಡನೆಯ ತಟ್ಟೆ ಹಗುರವಾಗಿ ಕಾಣುತ್ತಿದ್ದರೆ, ನಿನಗಿಂತ ಮೊದಲು ಲಕ್ಷಾಂತರ ತಾಯಂದಿರು ಬೆಳಗ್ಗೆ ಎದ್ದು ಮಗುವನ್ನು ಎತ್ತಿಕೊಂಡು ಹೋದದ್ದರಿಂದ ಅದು ಹಗುರವಾಯಿತು. ನಾಳೆ ನೀನೂ ಹೊರಡು. ಕೇಳಬೇಕಾದ್ದನ್ನು ಕೇಳು, ಅರ್ಧ ಗಂಟೆ ಕೂತಿದ್ದು ಬಾ.